ಪಾಯಿಂಟ್ ಇದೆ, ಮಿಕ್ಸರ್ ತೆಗೆದುಕೊಳ್ಳಲೇ?

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ ಬಹಳಷ್ಟು ಪಾಯಿಂಟ್ ಸೇರಿದೆ. ಅದಕ್ಕೆ ಮಿಕ್ಸರ್ ಕೊಡುತ್ತೇವೆ ಎನ್ನುತ್ತಾರೆ. ಮಗಳು ಸಿಂಗಪುರದಲ್ಲಿದ್ದಾಳೆ, ವಿಮಾನದ ಟಿಕೆಟ್‌ಗೆ ಬಳಸುವುದು ಲಾಭವೇ?
– ಅಡಿಕೆ ಬೆಳೆಗಾರ, ಶಿರಸಿ

ಉತ್ತರ: ಮಿಕ್ಸರನ್ನು ಪೇಟೆಯಲ್ಲೇ ಕೊಳ್ಳಿ, ರಾಯರೇ. ಪಾಯಿಂಟಿಗೆ ಸಿಗುವ ಪಾತ್ರೆ-ಪರಡಿಯಲ್ಲಿ ಸಾಮಾನ್ಯವಾಗಿ ಬೆಲೆ ಹುಟ್ಟುವುದಿಲ್ಲ. ಅಡಿಕೆಯ ಧಾರಣೆ ನೋಡದೆ ಚೀಲ ಬಿಚ್ಚದ ನೀವು ಇಲ್ಲೇಕೆ ಅವಸರಪಡುತ್ತೀರಿ?

ಲೆಕ್ಕ ಸುಲಭ. ಕಾರ್ಡಿನ ಪಾಯಿಂಟನ್ನು ವಿಮಾನ ಸಂಸ್ಥೆಗೆ ವರ್ಗಾಯಿಸಿದರೆ ಅಲ್ಲಿ ಅದು ‘ಮೈಲು’ ಎಂಬ ಆ ಸಂಸ್ಥೆಯ ಪಾಯಿಂಟ್ ಆಗುತ್ತದೆ, ದೂರದ ಅಳತೆಯಲ್ಲ. ಟಿಕೆಟ್ ದರ 12,000 ರೂಪಾಯಿ ಎನ್ನಿ. ಅದೇ ಆಸನಕ್ಕೆ 15,000 ಮೈಲು ಮತ್ತು 1,500 ರೂಪಾಯಿ ತೆರಿಗೆ ಕೇಳಿದರೆ, ಉಳಿಯುವುದು 10,500. ಮೈಲಿಗೆ 70 ಪೈಸೆ ಬಿತ್ತು. ತೆರಿಗೆಯನ್ನು ಕಳೆಯದೆ ಲೆಕ್ಕ ಹಾಕುವವರೇ ಹೆಚ್ಚು. ಕಾರ್ಡಿನ ಒಂದು ಪಾಯಿಂಟಿಗೆ ಒಂದು ಮೈಲು ಸಿಗದಿರಬಹುದು, ಅದನ್ನೂ ಕೇಳಿಕೊಳ್ಳಿ.

ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ವಿಮಾನ ಸಂಸ್ಥೆಗಳ ಕೂಟದಲ್ಲಿದೆ, ಸಿಂಗಪುರ ಏರ್‌ಲೈನ್ಸ್ ಸಹ ಅದರಲ್ಲೇ ಇದೆ. ಆದ್ದರಿಂದ ಒಂದರ ಮೈಲಿನಲ್ಲಿ ಇನ್ನೊಂದರ ಆಸನ ಹುಡುಕಬಹುದು. ಆಸನ ಖಾಲಿ ಇದೆಯೆಂದು ನೋಡಿದ ಮೇಲೆಯೇ ಪಾಯಿಂಟ್ ವರ್ಗಾಯಿಸಿ. ಒಮ್ಮೆ ಮೈಲಾದದ್ದು ಸಾಮಾನ್ಯವಾಗಿ ಮರಳಿ ಪಾಯಿಂಟ್ ಆಗುವುದಿಲ್ಲ. ಮಕ್ಕಳ ರಜೆಯ ತಿಂಗಳುಗಳಲ್ಲಿ ಇಂಥ ಆಸನ ಸಿಗುವುದು ಕಷ್ಟ. ಹೇಗೂ ಕೊಯ್ಲು ಮುಗಿಯದೆ ನೀವು ತೋಟ ಬಿಡುವವರಲ್ಲ!

ಹೋಟೆಲ್ ಪಾಯಿಂಟ್ ನಿಮಗೆ ಬೇಡ, ಮಗಳ ಮನೆಯಿದೆ. ಅಳಿಯನಿಗೆ ಬೇಕಾದೀತು: ಮ್ಯಾರಿಯಟ್‌ನಲ್ಲಿ ಪಾಯಿಂಟ್ ಕೊಟ್ಟು ಸತತ ಐದು ರಾತ್ರಿ ತಂಗಿದರೆ ನಾಲ್ಕಕ್ಕಷ್ಟೇ ಲೆಕ್ಕ.