ನಾಲ್ಕು ವೃತ್ತಗಳ ನಡುವಿನ ಖಾಲಿ ಜಾಗ: ಒಂದು ಆಪ್ತಸಲಹೆ ಪ್ರಕರಣ

ಬಸವನಗುಡಿಯ ನನ್ನ ಸಣ್ಣ ಕೊಠಡಿಗೆ ಕೆಲವು ವರ್ಷಗಳ ಹಿಂದಿನವರೆಗೂ ಜನ ಬರುತ್ತಿದ್ದುದು ಹೆಸರಿಟ್ಟು ಹೇಳಬಹುದಾದ ತೊಂದರೆಗಳನ್ನು ಹೊತ್ತು: ಅತ್ತೆಯೊಡನೆ ಮನಸ್ತಾಪ, ಮಗನ ಅಂಕ, ಗಂಡನ ಕುಡಿತ, ತೀರದ ಸಾಲ. ಈಗ ಬರುವವರಲ್ಲಿ ಹಲವರು, ಅದರಲ್ಲೂ ಮೂವತ್ತೈದರಿಂದ ನಲವತ್ತೈದರ ನಡುವಿನವರು, ಮೊದಲ ಭೇಟಿಯಲ್ಲೇ ಹೇಳುವ ಮಾತು ಬೇರೆ. "ಎಲ್ಲ ಸರಿಯಾಗಿದೆ ಮೇಡಂ, ಆದರೆ ಬದುಕಿಗೊಂದು ಉದ್ದೇಶ ಸಿಗುತ್ತಿಲ್ಲ." ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೂ ಇದಕ್ಕೆ ನಾನು ಕೊಡುವ ಸಲಹೆ ಹಲವರಿಗೆ ರುಚಿಸಿಲ್ಲ, ನನ್ನ ಕಿರಿಯ ಸಹೋದ್ಯೋಗಿಯೊಬ್ಬರಿಗೂ ಸಹ. ಈ ಪ್ರಕರಣದಲ್ಲಿ ನಾನೇ ಒಂದು ತಪ್ಪು ಮಾಡಿ ಅದನ್ನು ತಿದ್ದಿಕೊಳ್ಳಬೇಕಾಯಿತಾದ್ದರಿಂದ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರನ್ನು ಸುಮಾ ಎಂದು ಕರೆಯೋಣ. ವಯಸ್ಸು 38, ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಕರ ತಂಡದ ಮುಖ್ಯಸ್ಥೆ. ಗಂಡ, ಏಳನೇ ತರಗತಿಯ ಮಗಳು, ಜೊತೆಯಲ್ಲಿರುವ ಮಾವ, ಇನ್ನೂ 14 ವರ್ಷ ತೀರಬೇಕಾದ ಗೃಹಸಾಲ. ಹಿನ್ನೆಲೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ.

ಉದ್ದೇಶದ ಮಾತೆತ್ತಿ ಬಂದವರೊಡನೆ ನಾನು ಮೊದಲು ಉದ್ದೇಶದ ಮಾತಾಡುವುದಿಲ್ಲ, ನಿದ್ದೆ ಮತ್ತು ಹಸಿವಿನ ಬಗ್ಗೆ ಕೇಳುತ್ತೇನೆ. ಖಿನ್ನತೆ ಎಷ್ಟೋ ಸಲ ತತ್ತ್ವಜ್ಞಾನದ ಭಾಷೆಯಲ್ಲಿ ಮಾತಾಡುತ್ತದೆ. "ಯಾವುದಕ್ಕೂ ಅರ್ಥವಿಲ್ಲ" ಎಂಬುದು ವಿಚಾರವಾಗಿರದೆ ರೋಗಲಕ್ಷಣವಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸದಿದ್ದರೆ ಮುಂದಿನದೆಲ್ಲ ವ್ಯರ್ಥ. ಹಿಂದಿನ ಎರಡು ವಾರಗಳ ಸ್ಥಿತಿಯನ್ನು ಕೇಳುವ, 27 ಅಂಕಗಳ, ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಇದಕ್ಕೆ ಬಳಸುತ್ತೇವೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಅಥವಾ ಸಾವಿನ ಯೋಚನೆಯ ಕುರಿತ ಕೊನೆಯ ಪ್ರಶ್ನೆಗೆ ಒಂದೇ ಅಂಕ ಬಂದರೂ, ನಾನು ಮನೋವೈದ್ಯರ ಬಳಿ ಕಳುಹಿಸುತ್ತೇನೆ. ಅಂಥ ಯೋಚನೆ ಕಾಡುತ್ತಿರುವವರು ಇದನ್ನು ಓದುತ್ತಿದ್ದರೆ ಮುಂದಿನ ಪುಟವನ್ನು ಬಿಟ್ಟು, 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಸುಮಾ ಅವರ ಅಂಕ 6. ಥೈರಾಯ್ಡ್ ಪರೀಕ್ಷೆಯೂ ಸರಿಯಿತ್ತು.

ಅವರು ತಂದಿದ್ದ ನೋಟ್‌ಬುಕ್ಕಿನಲ್ಲಿ ಒಂದನ್ನೊಂದು ಹಾದುಹೋಗುವ ನಾಲ್ಕು ವೃತ್ತಗಳ ಚಿತ್ರವಿತ್ತು: ನಿಮಗೆ ಪ್ರಿಯವಾದದ್ದು, ನೀವು ಚೆನ್ನಾಗಿ ಮಾಡುವಂಥದ್ದು, ಲೋಕಕ್ಕೆ ಬೇಕಾದದ್ದು, ಹಣ ತರುವಂಥದ್ದು. ವಾರಾಂತ್ಯದ ಕಾರ್ಯಾಗಾರವೊಂದರಲ್ಲಿ ಅದನ್ನು ಹೇಳಿಕೊಟ್ಟಿದ್ದರಂತೆ. ನಾಲ್ಕು ವೃತ್ತಗಳೂ ಸಣ್ಣ ಅಕ್ಷರಗಳಲ್ಲಿ ತುಂಬಿದ್ದವು, ನಡುವಿನ ಜಾಗ ಮಾತ್ರ ಖಾಲಿ. ಆ ಖಾಲಿ ಜಾಗವೇ ತಮ್ಮ ಕಾಯಿಲೆ ಎಂದು ಅವರು ನಂಬಿದ್ದರು.

ಈ ಚಿತ್ರವನ್ನು 'ಇಕಿಗಾಯ್', ಅಂದರೆ ಬದುಕಲು ಇರುವ ಕಾರಣ, ಎಂಬ ಹೆಸರಿನಲ್ಲಿ ಜಪಾನಿನ ಪ್ರಾಚೀನ ಜ್ಞಾನವೆಂದು ಹಂಚಲಾಗುತ್ತಿದೆ. ನಿಜ ಸಂಗತಿ ಬೇರೆ. 2011ರ ಸುಮಾರಿಗೆ ಇದನ್ನು ಬರೆದವರು ಆಂದ್ರೆಸ್ ಸುಸುನಾಗಾ ಎಂಬ ಸ್ಪ್ಯಾನಿಷ್ ಭಾಷಿಕ ಜ್ಯೋತಿಷಿ, ಮತ್ತು ಅದರ ನಡುವೆ ಇದ್ದ ಪದ 'ಉದ್ದೇಶ'. 2014ರಲ್ಲಿ ಮಾರ್ಕ್ ವಿನ್ ಎಂಬುವರು ಆ ಪದವನ್ನು ತೆಗೆದು ಜಪಾನಿ ಪದವನ್ನು ಕೂರಿಸಿದರು. ಹನ್ನೆರಡು ಮನೆಗಳ ಜಾತಕವನ್ನು ಅಮ್ಮಂದಿರಿಗೆ ಬಿಟ್ಟುಕೊಟ್ಟ ನಾವು ನಾಲ್ಕು ಮನೆಗಳ ಜಾತಕವನ್ನು ದುಡ್ಡು ಕೊಟ್ಟು ಬರೆಸಿಕೊಳ್ಳುತ್ತಿದ್ದೇವೆ ಎಂದು ನನಗೆ ಅನ್ನಿಸುವುದುಂಟು. ಸುಮಾ ಅವರ ಮುಂದೆ ಹಾಗೆ ಹೇಳಲಿಲ್ಲ. ಜಪಾನಿನಲ್ಲಿ ಈ ವಿಷಯವನ್ನು ನಿಜವಾಗಿ ಅಧ್ಯಯನ ಮಾಡಿ 1966ರಲ್ಲಿ ಪುಸ್ತಕ ಬರೆದ ಮನೋವೈದ್ಯೆ ಮಿಯೆಕೊ ಕಮಿಯಾ ಅವರ ಬಗ್ಗೆ ಮಾತ್ರ ಹೇಳಿದೆ. ಆಕೆ ಕೆಲಸ ಮಾಡಿದ್ದು ದ್ವೀಪವೊಂದರ ಕುಷ್ಠರೋಗಿಗಳ ಆಶ್ರಮದಲ್ಲಿ. ಒಂದೇ ಬಗೆಯ ಪರಿಸ್ಥಿತಿಯಲ್ಲಿದ್ದ ರೋಗಿಗಳಲ್ಲಿ ಕೆಲವರು ಬದುಕು ಬರಿದಾಯಿತೆಂದು ಕೊರಗುತ್ತಿದ್ದಾಗ ಇನ್ನು ಕೆಲವರು ಬೆಳಗಾದರೆ ಏಳಲು ಕಾರಣವುಳ್ಳವರಾಗಿ ಇದ್ದುದೇಕೆ ಎಂಬುದು ಆಕೆಯ ಪ್ರಶ್ನೆಯಾಗಿತ್ತು. ಆ ದ್ವೀಪದಲ್ಲಿ ಹಣ ತರುವ ವೃತ್ತವನ್ನು ಎಲ್ಲಿ ಬರೆಯುವುದು?

ನಾಲ್ಕು ಭೇಟಿಗಳು ಹೀಗೇ ಕಳೆದವು. ಅವರು ಹೊಸ ಪಟ್ಟಿಗಳನ್ನು ತರುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ.

ಐದನೆಯ ಭೇಟಿ ನವೆಂಬರ್ ತಿಂಗಳ ಒಂದು ಶನಿವಾರ. ಸುಮಾ ನಲವತ್ತು ನಿಮಿಷ ತಡವಾಗಿ, ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಓಡುತ್ತಲೇ ಬಂದರು. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ 82ರ ಅಜ್ಜಿಯನ್ನು ಬ್ಯಾಂಕಿಗೆ ಕರೆದೊಯ್ದಿದ್ದರಂತೆ. ಅಜ್ಜಿಗೆ ಬರುವುದು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಗಂಡನ ಕುಟುಂಬ ಪಿಂಚಣಿ. ಬದುಕಿರುವುದನ್ನು ಪ್ರತಿ ನವೆಂಬರ್‌ನಲ್ಲಿ ರುಜುವಾತು ಮಾಡದಿದ್ದರೆ ಅದು ನಿಲ್ಲುತ್ತದೆ. ಬೆರಳಿನ ಗೆರೆಗಳು ಸವೆದುಹೋಗಿದ್ದರಿಂದ ಬ್ಯಾಂಕಿನ ಯಂತ್ರ ಅಜ್ಜಿಯನ್ನು ಗುರುತಿಸಲಿಲ್ಲ, "ಇನ್ನೊಂದು ದಿನ ಬನ್ನಿ" ಎಂದರು. 2021ರಿಂದ ಮುಖವನ್ನೇ ತೋರಿಸಿ ಮೊಬೈಲಿನಲ್ಲಿ ಜೀವನ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇರುವುದನ್ನು ಸುಮಾ ಅಲ್ಲೇ ಬೆಂಚಿನ ಮೇಲೆ ಕುಳಿತು ಹುಡುಕಿ ತೆಗೆದರು. ಕಣ್ಣು ಮಿಟುಕಿಸಿ ಎಂದು ಮೊಬೈಲು ಕೇಳಿದಾಗಲೆಲ್ಲ ಅಜ್ಜಿ ನಕ್ಕುಬಿಡುತ್ತಿದ್ದರಂತೆ. ಬೆಳಕು ಸಾಲದೆಂದು ಕಿಟಕಿಯ ಬಳಿ ಕೂರಿಸಿ, ಕನ್ನಡಕ ತೆಗೆಸಿ, ಐದನೆಯ ಸಲಕ್ಕೆ ಆಯಿತು. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಇದನ್ನು ಮಾಡಿಸಬಹುದೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ ಎಂಬುದು ಅವರ ಸಿಟ್ಟು.

ಉಳಿದಿದ್ದ ಇಪ್ಪತ್ತು ನಿಮಿಷವೂ ಇದೇ ಮಾತಾಯಿತು. ನಾಲ್ಕು ಭೇಟಿಗಳಲ್ಲಿ ನಾನು ಕೇಳದಿದ್ದ ದನಿ ಅದು. "ಇದನ್ನು ಯಾವ ವೃತ್ತದಲ್ಲಿ ಬರೆಯುತ್ತೀರಿ?" ಎಂದು ಕೇಳಿದೆ. "ಇದು ಲೆಕ್ಕಕ್ಕೆ ಬರುವುದಿಲ್ಲ ಮೇಡಂ, ಪಕ್ಕದ ಮನೆಯವರ ಕೆಲಸ" ಎಂದರು.

ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಸಲಹೆಗಾರರಿಗೂ ಫಲ ಕಾಣುವ ಆತುರವಿರುತ್ತದೆ. "ನೀವು ಹುಡುಕುತ್ತಿರುವುದು ಇದೇ ಇರಬಹುದಲ್ಲವೇ?" ಎಂದುಬಿಟ್ಟೆ. ಅವರ ಕಣ್ಣು ತುಂಬಿತು, ನಾನೂ ಒಳಗೊಳಗೇ ಹಿಗ್ಗಿದೆ.

ಎರಡು ವಾರಗಳ ನಂತರ ಅವರು ಒಂದು ಕಡತದೊಂದಿಗೆ ಬಂದರು. ಒಂಟಿ ಹಿರಿಯರಿಗೆ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಯ ಕೆಲಸಗಳನ್ನು ಮಾಡಿಕೊಡುವ ಸಂಸ್ಥೆಯ ಯೋಜನೆ. ಅದಕ್ಕೊಂದು ಹೆಸರು, ಹೆಸರಿಗೊಂದು ಚಿಹ್ನೆ, ಭೇಟಿಯೊಂದಕ್ಕೆ ಇಷ್ಟೆಂದು ದರ, ಮೊದಲ ವರ್ಷ ವಿಜಯನಗರ, ಎರಡನೆಯ ವರ್ಷ ರಾಜಾಜಿನಗರ. ಕೊನೆಯಲ್ಲಿ ರಾಜೀನಾಮೆ ಪತ್ರದ ಕರಡು. ನಡುವಿನ ಖಾಲಿ ಜಾಗ ಕಡೆಗೂ ತುಂಬಿತೆಂದು ನೋಟ್‌ಬುಕ್ಕನ್ನೂ ತೋರಿಸಿದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಸಮಯ ಕೊಂಡುಕೊಳ್ಳಲೆಂದೇ ಕೇಳಿದೆ: "ಅಜ್ಜಿಯ ಪ್ರಮಾಣಪತ್ರ ಬ್ಯಾಂಕಿಗೆ ಸೇರಿತೇ?" ಮೊಬೈಲಿನಲ್ಲಿ ಮಾಡಿದ ಪ್ರಮಾಣಪತ್ರವನ್ನು ಪಿಂಚಣಿ ಕೊಡುವವರು ತಿರಸ್ಕರಿಸುವುದೂ ಉಂಟು, ಅದನ್ನು ಆಮೇಲೆ ವಿಚಾರಿಸಬೇಕು.

"ಕೇಳಲು ಪುರುಸೊತ್ತಾಗಲಿಲ್ಲ ಮೇಡಂ, ಇದರಲ್ಲೇ ಮುಳುಗಿದ್ದೆ."

ಹೇಳಿದ ಮೇಲೆ ಅವರೇ ಆ ಮಾತನ್ನು ಕೇಳಿಸಿಕೊಂಡರು. ಕಡತವನ್ನು ಮುಚ್ಚಿದರು. ಹೊರಗೆ ರಸ್ತೆಯಲ್ಲಿ ಯಾರೋ ಗಾಡಿ ತೆಗೆಯಲಾಗದೆ ಹಾರನ್ ಮಾಡುತ್ತಿದ್ದರು, ಅದು ನಿಲ್ಲುವವರೆಗೂ ಇಬ್ಬರೂ ಮಾತಾಡಲಿಲ್ಲ. ನಂತರ ಅವರು ನಿಧಾನವಾಗಿ ಹೇಳಿದರು: "ಹದಿನೈದು ದಿನದಿಂದ ಅವರ ಮನೆ ಬಾಗಿಲನ್ನೇ ತಟ್ಟಿಲ್ಲ." ತಪ್ಪು ಅವರೊಬ್ಬರದಲ್ಲ, ಒಂದು ಒಳ್ಳೆಯ ಬೆಳಗಿಗೆ ದೊಡ್ಡ ಹೆಸರಿಟ್ಟವಳು ನಾನು ಎಂದು ಒಪ್ಪಿಕೊಂಡೆ. ಹೆಸರು ಬಿದ್ದ ಕೂಡಲೇ ಅಜ್ಜಿ ಮರೆಯಾಗಿ 'ಉದ್ದೇಶ' ಎದುರು ಬಂದು ಕುಳಿತಿತ್ತು.

ಅಂದು ನಾನು ಕೊಟ್ಟ ಸಲಹೆ ಇದು. ಮೂರು ತಿಂಗಳು ರಾಜೀನಾಮೆಯ ವಿಷಯವನ್ನು ಮನೆಯಲ್ಲಾಗಲಿ ಇಲ್ಲಾಗಲಿ ಎತ್ತುವುದು ಬೇಡ. ಶನಿವಾರ ಬೆಳಗಿನ ಎರಡು ಗಂಟೆ ಮಾತ್ರ ಅಜ್ಜಿಯ ಅಥವಾ ಅಂಥ ಇನ್ನೊಬ್ಬರ ಕೆಲಸಕ್ಕೆ; ಆ ಕೆಲಸಕ್ಕೆ ಹೆಸರು ಬೇಡ, ಚಿಹ್ನೆ ಬೇಡ, ವಾಟ್ಸಾಪ್ ಸ್ಟೇಟಸ್ ಬೇಡ, ಗಂಡನನ್ನು ಬಿಟ್ಟು ಬೇರೆ ಯಾರಿಗೂ ಹೇಳುವುದೂ ಬೇಡ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಏನು ಮಾಡಿದೆ, ಎಷ್ಟು ಹೊತ್ತು ಹಿಡಿಯಿತು, ಮತ್ತೆ ಹೋಗಬೇಕೆನಿಸಿತೇ ಇಲ್ಲವೇ ಎಂಬಿಷ್ಟನ್ನೇ ಬರೆಯಬೇಕು. ಜೊತೆಗೆ ಒಂದು ಎಚ್ಚರಿಕೆ: ಬೇರೆಯವರ ಪಾಸ್‌ಬುಕ್, ಎಟಿಎಂ ಕಾರ್ಡ್, ಒಟಿಪಿ ನಿಮ್ಮ ಕೈಯಲ್ಲಿ ಇರಕೂಡದು, ಅಜ್ಜಿಯ ಮಗನಿಗೆ ಮೊದಲೇ ತಿಳಿಸಿಬಿಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಆದ್ದರಿಂದ ತಿಂಗಳ ಎರಡನೇ ಶನಿವಾರ ಇಲ್ಲಿಗೆ ಬನ್ನಿ ಎಂದೆ.

ಇದು ಮಧ್ಯಮವರ್ಗದ ಹೆದರಿಕೆಯನ್ನು ಸಲಹೆಯ ಹೆಸರಿನಲ್ಲಿ ಕೊಟ್ಟಂತೆ ಎಂದು, ನಾನು ಮೊದಲೇ ಹೇಳಿದ ಕಿರಿಯ ಸಹೋದ್ಯೋಗಿ, ಹೆಸರು ಮರೆಮಾಚಿ ಚರ್ಚಿಸಿದಾಗ ಟೀಕಿಸಿದರು. ಹೆಣ್ಣುಮಗಳೊಬ್ಬಳು ಕಡೆಗೂ ರೆಕ್ಕೆ ಬಿಚ್ಚುವಾಗ ಇಎಂಐ ನೆನಪಿಸುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಟೀಕೆಯಲ್ಲಿ ಸತ್ಯವಿಲ್ಲವೆನ್ನಲಾರೆ. ಕೆಲಸವೇ ಆರೋಗ್ಯವನ್ನು ತಿನ್ನುತ್ತಿರುವವರಿಗೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕಬೇಕಾದ ಒತ್ತಡದಲ್ಲಿರುವವರಿಗೆ, ನಾಳೆಯೇ ಬಿಡಿ ಎಂದು ನಾನೇ ಹೇಳಿದ್ದೇನೆ. ಆದರೆ ಬಿಡುವುದಕ್ಕೆ ಇರುವ ಕಾರಣ ಬೇರೆ, ಸೇರುವುದಕ್ಕೆ ಇರುವ ಕಾರಣ ಬೇರೆ. ಎಳೆಯ ಆಸಕ್ತಿಯೊಂದರ ಹೆಗಲಿಗೆ ಮೊದಲ ದಿನವೇ ಗೃಹಸಾಲ, ಮಗಳ ಶಾಲಾ ಶುಲ್ಕ, ಮಾವನ ಔಷಧಿಯ ಖರ್ಚನ್ನೆಲ್ಲ ಹೊರಿಸಿದರೆ ಅದು ಆರು ತಿಂಗಳಲ್ಲಿ ಕುಸಿಯುತ್ತದೆ, ಮತ್ತು ಕುಸಿದಾಗ ಜನ ಹೇಳಿಕೊಳ್ಳುವುದು "ಯೋಜನೆ ಸರಿಯಿರಲಿಲ್ಲ" ಎಂದಲ್ಲ, "ನನಗೆ ಉದ್ದೇಶವೇ ಇಲ್ಲ" ಎಂದು. ಹಾಗೆ ಕುಸಿದು ಬಂದವರನ್ನು ನಾನು ನೋಡಿದ್ದೇನೆ, ಅವರನ್ನು ಮತ್ತೆ ಏಳಿಸುವುದು ಬಹಳ ಕಷ್ಟ. ಇನ್ನೊಂದು ಕಾರಣವೂ ಇದೆ. ಖಿನ್ನತೆಯ ಚಿಕಿತ್ಸೆಯಲ್ಲಿ 1970ರ ದಶಕದಿಂದ ಬೆಳೆದುಬಂದ ಒಂದು ಕ್ರಮದಲ್ಲಿ, ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಸಣ್ಣ ಕೆಲಸವನ್ನು ಗೊತ್ತುಪಡಿಸಿದ ಹೊತ್ತಿಗೆ ಮಾಡಿ ಮನಸ್ಸು ಹೇಗೆ ಸ್ಪಂದಿಸಿತೆಂದು ಬರೆದಿಡುತ್ತಾರೆ. ಸುಮಾ ಅವರಿಗೆ ಖಿನ್ನತೆ ಇರಲಿಲ್ಲ, ಆದರೂ ಆ ಕ್ರಮ ಅವರಿಗೂ ಹೊಂದುತ್ತದೆಂದು ನನಗೆ ತೋರಿತು. ನಾಲ್ಕು ವೃತ್ತಗಳು ಕೇಳುವುದು ಕುಳಿತು ಯೋಚಿಸಿದ ಉತ್ತರವನ್ನು. ಈ ಪುಟಗಳು ಕೇಳುವುದು ಹೋಗಿ ಬಂದವರ ಉತ್ತರವನ್ನು.

ಮೂರು ತಿಂಗಳ ಪುಟಗಳು ನನ್ನ ಊಹೆಯನ್ನೂ ಸುಳ್ಳುಮಾಡಿದವು. ಹದಿಮೂರು ಶನಿವಾರಗಳಲ್ಲಿ ಅವರು ಹೋದದ್ದು ಒಂಬತ್ತು, "ಮತ್ತೆ ಹೋಗಬೇಕೆನಿಸಿತು" ಎಂದು ಬರೆದದ್ದು ಐದು. ವಿದೇಶದಲ್ಲಿರುವ ಅಜ್ಜಿಯ ಮಗ ಒಮ್ಮೆ ಕರೆ ಮಾಡಿ, ತಾಯಿಯ ಬ್ಯಾಂಕಿನ ವ್ಯವಹಾರದಲ್ಲಿ ನಿಮಗೇನು ಕೆಲಸ ಎಂಬ ಧಾಟಿಯಲ್ಲಿ ಮಾತಾಡಿದ್ದ. ಸುಮಾ ಅವನಿಗೆ ಮೊದಲೇ ತಿಳಿಸಿರಲಿಲ್ಲ. ಅತ್ತುಕೊಂಡು ಬಂದರು, ಆದರೆ ಮುಂದಿನ ಶನಿವಾರ ಹೋದರು. ಆ ಐದು ದಿನಗಳನ್ನು ಒಟ್ಟಿಗೆ ಓದಿದಾಗ ಇಬ್ಬರಿಗೂ ಕಂಡದ್ದು ಬೇರೆಯೇ ಆಗಿತ್ತು: ಅಜ್ಜಿಯೊಡನೆ ಕುಳಿತು ಹರಟಿದ ದಿನಗಳಲ್ಲಿ ಅವರಿಗೆ ಬೇಸರವಾಗಿತ್ತು, ಗ್ಯಾಸ್ ಸಂಪರ್ಕದ ಹೆಸರು ಬದಲಾವಣೆ, ಆಧಾರ್‌ನಲ್ಲಿ ತಪ್ಪು ಬಿದ್ದ ಹುಟ್ಟಿದ ದಿನಾಂಕ, ಹೀಗೆ ಎಲ್ಲೋ ಒಂದು ಕಡೆ ಸಿಕ್ಕಿಕೊಂಡದ್ದನ್ನು ಹುಡುಕಿ ಬಿಡಿಸಿದ ದಿನಗಳಲ್ಲಿ ಹೊತ್ತು ಹೋದದ್ದೇ ತಿಳಿದಿರಲಿಲ್ಲ. "ನಾನು ಪರೀಕ್ಷಕಿಯಾಗಿದ್ದಾಗ ಮಾಡುತ್ತಿದ್ದುದೂ ಇದನ್ನೇ ಮೇಡಂ" ಎಂದು ಅವರೇ ಹೇಳಿದರು. "ಮುಖ್ಯಸ್ಥೆಯಾದ ಮೇಲೆ ಮೀಟಿಂಗ್ ಬಿಟ್ಟು ಬೇರೇನೂ ಮಾಡಿಲ್ಲ."

ಪದೋನ್ನತಿಯಿಂದ ಹಿಂದಕ್ಕೆ ಬಂದು ಮತ್ತೆ ಪರೀಕ್ಷೆಯ ಕೆಲಸಕ್ಕೇ ಇಳಿಯಲು ಸಾಧ್ಯವೇ ಎಂದು ಕಂಪನಿಯಲ್ಲಿ ಕೇಳುವ ನಿರ್ಧಾರ ಅವರದೇ. ಸಂಬಳ ಕಡಿಮೆಯಾದರೆ ಎಷ್ಟು ಕಡಿಮೆಯಾದರೂ ಮನೆ ನಡೆಯುತ್ತದೆ ಎಂಬುದನ್ನು ಗಂಡನೊಡನೆ ಕುಳಿತು ಲೆಕ್ಕ ಹಾಕಿಕೊಂಡು ಕೇಳಿ ಎಂದಷ್ಟೇ ನಾನು ಹೇಳಿದೆ. ನಮ್ಮ ಭೇಟಿಗಳು ಅಲ್ಲಿಗೆ ನಿಂತವು.

ಮರುವರ್ಷದ ಅಕ್ಟೋಬರ್‌ನಲ್ಲಿ ಅವರಿಂದ ಒಂದು ಸಂದೇಶ ಬಂತು. ಅಜ್ಜಿಯ ಜೀವನ ಪ್ರಮಾಣಪತ್ರ ಈ ಸಲ ಮೊದಲ ವಾರದಲ್ಲೇ ಆಯಿತು, ಬ್ಯಾಂಕಿಗೆ ಸೇರಿದ್ದನ್ನೂ ಹೋಗಿ ವಿಚಾರಿಸಿಕೊಂಡು ಬಂದಿದ್ದೇನೆ ಎಂದು ಬರೆದಿದ್ದರು. ಕಂಪನಿಯ ವಿಷಯ ಅದರಲ್ಲಿರಲಿಲ್ಲ. ನಾನೂ ಕೇಳಲಿಲ್ಲ.