ಸ್ಪೀಕರಲ್ಲಿ ಬರೋ ಗುಂಯ್ ಸದ್ದು ಹೋಗೋಕೆ ಯಾವ ಸೌಂಡ್ ಕಾರ್ಡ್ ಹಾಕಿಸ್ಬೇಕು?

ಮೌಸ್ ಅಲ್ಲಾಡಿಸಿದ್ರೆ ಕರಕರ, ಸುಮ್ನಿದ್ರೆ ಗುಂಯ್, ಗೇಮ್ ಲೋಡ್ ಆಗೋವಾಗ ಕೀಂಯ್ ಅಂತ ಬರೆದಿದ್ದೀರಲ್ಲ, ಅದನ್ನ ಓದಿ ಒಂದ್ ನಿಮಿಷ ಹಾಗೇ ಕೂತ್ಬಿಟ್ಟೆ. ಮದರ್‌ಬೋರ್ಡಿನ ಆಡಿಯೋ ಕಳಪೆ, ಬೇರೆ ಸೌಂಡ್ ಕಾರ್ಡ್ ಹಾಕಿಸ್ತೀನಿ, ಕ್ಯಾಬಿನೆಟ್ ಒಳಗೆ ಕೂರೋದು ತಗೊಳ್ಳೋದೋ ಯುಎಸ್‌ಬಿದು ತಗೊಳ್ಳೋದೋ ಅಂತ ಕೇಳಿದ್ದೀರ. ಸದ್ಯಕ್ಕೆ ಎರಡೂ ಬೇಡ. ನಾನು ಎರಡನ್ನೂ ತಗೊಂಡಿದ್ದೆ, ಒಂದಾದ ಮೇಲೆ ಒಂದು, ಎರಡರಿಂದಲೂ ಆ ಸದ್ದು ಹೋಗ್ಲಿಲ್ಲ. ದುಡ್ಡು ಹೋಗಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ, ಅದರ ಜೊತೆ ಹೋಗಿದ್ದು ಬೇರೆ.

ನಮ್ಮಪ್ಪನದು ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರೋ ಕೆಲಸ. ಹೊರಡೋ ಮುಂಚೆ ನನಗೂ ಅಕ್ಕನಿಗೂ ಅಂತ ಕಥೆ ಹೇಳಿ ಟೇಪಲ್ಲಿ ರೆಕಾರ್ಡ್ ಮಾಡಿಟ್ಟು ಹೋಗೋರು, ರಾತ್ರಿ ಮಲಗೋವಾಗ ಅಮ್ಮ ಅದನ್ನ ಹಾಕೋರು. ಅಂಥ 7 ಕ್ಯಾಸೆಟ್ ಮನೇಲಿ ಉಳ್ಕೊಂಡಿತ್ತು. ಅಪ್ಪ ತೀರ್ಕೊಂಡ ಮೇಲೆ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸೋಣ ಅಂತ ಹೊರಟೆ. ಆಗ ನನ್ನ ಕಂಪ್ಯೂಟರಲ್ಲೂ ನಿಮ್ಮದೇ ಕಥೆ, ಸ್ಪೀಕರ್ ಆನ್ ಮಾಡಿದ್ರೆ ಸಾಕು ಗುಂಯ್. ಅಪ್ಪನ ದನಿ ಇಂಥ ಬೋರ್ಡಿನ ಮೂಲಕ ರೆಕಾರ್ಡ್ ಆಗೋದು ಬೇಡ ಅಂದ್ಕೊಂಡು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರೋ ಒಂದು ಕಾರ್ಡ್ ತಂದೆ. ಮೇಲೆ ತಗಡಿನ ಮುಚ್ಚಳ ಇತ್ತು, ಡಬ್ಬಿ ಮೇಲೆ 116 ಡೆಸಿಬಲ್ ಅಂತ ದೊಡ್ಡದಾಗಿ ಬರೆದಿತ್ತು (ಸದ್ದಿಗೂ ಹಿಂದಿನ ಗಲಾಟೆಗೂ ಇರೋ ಅಂತರ ಅದು, ಜಾಸ್ತಿ ಇದ್ದಷ್ಟೂ ಚೊಕ್ಕ). ಹಾಕಿದೆ, ಡ್ರೈವರ್ ಹಾಕಿದೆ, ಬಯಾಸಲ್ಲಿ (ಕಂಪ್ಯೂಟರ್ ಆನ್ ಆಗೋವಾಗ ತೆಗೆಯೋ ಸೆಟ್ಟಿಂಗ್ ಪರದೆ) ಹಳೇ ಆಡಿಯೋ ಆಫ್ ಮಾಡಿದೆ. ಗುಂಯ್ ಹಾಗೇ ಇತ್ತು. ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲಿದೆ ಅದಕ್ಕೇ ಇರ್ಬೇಕು ಅಂತ ದೂರದ ಸ್ಲಾಟಿಗೆ ಬದಲಾಯಿಸಿದೆ. ಸ್ವಲ್ಪ ಕಮ್ಮಿ ಆಯ್ತು ಅಂತ ನನಗೆ ನಾನೇ ಹೇಳ್ಕೊಂಡೆ, ನಿಜವಾಗಿ ಏನೂ ಕಮ್ಮಿ ಆಗಿರ್ಲಿಲ್ಲ.

ಇಲ್ಲಿಂದ ನಾನು ಮಾಡಿದ ತಪ್ಪು ಶುರು, ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಕಂಪ್ಯೂಟರ್ ಒಳಗೆಲ್ಲ ಗಲೀಜು ಕರೆಂಟ್ ಓಡಾಡ್ತಿದೆ, ಹೊರಗೆ ಹೋಗೋ ಸದ್ದಿಗೆ ಅದು ಸೇರ್ಕೊಳ್ಳುತ್ತೆ ಅಂದ್ರೆ ಒಳಗೆ ಬರೋ ಸದ್ದಿಗೂ ಸೇರ್ಕೊಳ್ಳುತ್ತೆ, ಅಂದ್ರೆ ನಾನು ರೆಕಾರ್ಡ್ ಮಾಡಿದ ಫೈಲಲ್ಲೂ ಗುಂಯ್ ಇದೆ ಅಂತ ತೀರ್ಮಾನ ಮಾಡ್ಬಿಟ್ಟೆ. ಕೇಳಿದ್ರೆ ಹಾಗೇ ಇತ್ತು ಕೂಡ, ಅಪ್ಪ ಮಾತಾಡ್ತಿದ್ದಾರೆ, ಹಿಂದೆ ಗುಂಯ್. ಆದ್ರೆ ನಾನು ಅದನ್ನ ಕೇಳ್ತಿದ್ದದ್ದು ಅದೇ ಸ್ಪೀಕರಲ್ಲಿ! ಫೈಲಲ್ಲಿ ಇದ್ರೂ ಇಲ್ದಿದ್ರೂ ಅಲ್ಲಿ ಗುಂಯ್ ಕೇಳಿಸೋದೇ. ಕ್ಯಾಸೆಟ್ ಪ್ಲೇಯರ್ ಓಡ್ತಿದ್ದದ್ದು ಬ್ಯಾಟರಿ ಸೆಲ್ಲಲ್ಲಿ, ಅದಕ್ಕೂ ಗೋಡೆ ಕರೆಂಟಿಗೂ ಸಂಬಂಧಾನೇ ಇರ್ಲಿಲ್ಲ, ಅದರಿಂದ ಲೈನ್ ಇನ್ನಿಗೆ (ಹೊರಗಿನ ಸದ್ದು ಒಳಗೆ ತಗೊಳ್ಳೋ ಜ್ಯಾಕ್) ಬಂದಿದ್ದು ಚೊಕ್ಕವಾಗೇ ಬಂದಿತ್ತು. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಒಂದ್ಸಲ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಅನ್ನೋ ಚಿತ್ರ) ತೆಗೆದು ನೋಡಿದ್ರೂ ಗೊತ್ತಾಗ್ತಿತ್ತು, ಕರೆಂಟಿನ ಗುಂಯ್ ಇದ್ರೆ 50 ಹರ್ಟ್ಸಲ್ಲಿ ಒಂದು ಚೂಪು ಕಂಬ, ಅದರ ಮರಿಗಳು 100, 150, 200ರಲ್ಲಿ ಕಾಣ್ಬೇಕು, ಕರೆಂಟ್ 60 ಹರ್ಟ್ಸ್ ಇರೋ ಕಡೆ ಆದ್ರೆ 60, 120 ಹೀಗೆ. ನಾನು ನೋಡ್ಲಿಲ್ಲ. ಕಿವೀನ ನಂಬಿದೆ, ಕಿವಿಗೆ ಸದ್ದು ಎಲ್ಲಿಂದ ಬರ್ತಿದೆ ಅಂತ ವಿಚಾರಿಸ್ಲಿಲ್ಲ.

ಆ ಗುಂಯ್ ತೆಗೆಯೋಕೆ ಅಂತ ಫೈಲುಗಳಿಗೆ ನಾಯ್ಸ್ ರಿಡಕ್ಷನ್ ಅನ್ನೋ ಫಿಲ್ಟರ್ ಹಾಕೋಕೆ ಕೂತೆ. ಅದು ಕೆಲಸ ಮಾಡೋದು ಹೀಗೆ: ಮಾತಿಲ್ಲದ ಒಂದೆರಡು ಸೆಕೆಂಡ್ ಜಾಗ ತೋರಿಸಿ ಇದೇ ನೋಡು ಗಲಾಟೆ ಅಂತ ಮೊದಲು ಅದಕ್ಕೆ ಕಲಿಸ್ಬೇಕು, ಆಮೇಲೆ ಇಡೀ ಫೈಲಲ್ಲಿ ಆ ಥರದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ತಗ್ಗಿಸುತ್ತೆ. ನಾನು ತೋರಿಸಿದ ಜಾಗದಲ್ಲಿ ಇದ್ದದ್ದು ಗುಂಯ್ ಅಲ್ಲ, ಟೇಪಿನದೇ ಸಹಜವಾದ ಸ್ಸ್ಸ್ ಅನ್ನೋ ಸದ್ದು. ಅದು ಅದನ್ನೇ ಕಲೀತು. 12 ಡೆಸಿಬಲ್ ಹಾಕಿದೆ, ಪ್ಲೇ ಮಾಡಿದ್ರೆ ಗುಂಯ್ ಹಾಗೇ. 24 ಹಾಕಿದೆ, ಹಾಗೇ. ಒಂದೇ ಫೈಲಿಗೆ ಎರಡೆರಡು ಸಲ ಹಾಕಿದೆ. ಇಲ್ಲದೇ ಇರೋದನ್ನ ಎಷ್ಟು ಸಲ ತೆಗೆದ್ರೆ ತಾನೇ ಹೋಗುತ್ತೆ? ಪ್ರತಿ ಸಲ ಹೋಗಿದ್ದು ಅಪ್ಪನ ಸ, ಶ, ಷ ಅಕ್ಷರಗಳ ತುದಿ, ಉಸಿರು ಎಳ್ಕೊಳ್ಳೋ ಸದ್ದು, ಕಥೆ ಮಧ್ಯ ದನಿ ಇಳಿಸಿ ಪಿಸುಗುಟ್ತಿದ್ರಲ್ಲ ಅದು. ಸ್ಪೀಕರಿನ ಗುಂಯ್ ಕರಕರದ ಕೆಳಗೆ ಅದ್ಯಾವುದೂ ನನಗೆ ಗೊತ್ತಾಗ್ಲಿಲ್ಲ. ಮೂಲ ಫೈಲಿನ ಹೆಸರಲ್ಲೇ, ಮೂಲದ ಮೇಲೇನೇ ಸೇವ್ ಮಾಡಿದೆ. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು, ಎರಡರ ರೀಲು ಇಳಿಸೋವಾಗಲೇ ತುಂಡಾಗಿ ಅಂಟಿಸಿ ಓಡಿಸಿದ್ದೆ, ಎಲ್ಲಾ ಕಂಪ್ಯೂಟರಲ್ಲಿ ಬಂತಲ್ಲ ಅಂತ ಅವನ್ನೂ ಎಸೆದ್ಬಿಟ್ಟೆ.

ಆಮೇಲೆ ಯುಎಸ್‌ಬಿ ಡಬ್ಬಿ ತಗೊಂಡೆ, ಕ್ಯಾಬಿನೆಟ್ ಹೊರಗಿದ್ರೆ ಗಲೀಜು ಬರಲ್ಲ ಅಂತ ಎಲ್ಲೋ ಓದಿದ್ದೆ. ಅದೇ ಸ್ಪೀಕರ್, ಅದೇ ಗುಂಯ್.

ಗೊತ್ತಾಗಿದ್ದು ಅಕ್ಕನಿಂದ. ಫಿಲ್ಟರ್ ಹಾಕೋ ಮುಂಚೆ ಮೊದಲನೇ ಕ್ಯಾಸೆಟ್ಟಿನ ಫೈಲ್ ಅವಳಿಗೆ ಕಳಿಸಿದ್ದೆ, ಕ್ಲೀನ್ ಮಾಡಿದ ಮೇಲೆ ಎರಡನೇದು ಕಳಿಸಿದೆ. ರಾತ್ರಿ ಫೋನ್ ಮಾಡಿ, "ಇದೇನೋ, ಅಪ್ಪ ನೀರೊಳಗಿಂದ ಮಾತಾಡ್ದಂಗಿದೆ, ಮೊದಲು ಕಳಿಸಿದ್ದು ಎಷ್ಟು ಚೆನ್ನಾಗಿತ್ತು" ಅಂದ್ಳು. ಅದರಲ್ಲಿ ಗುಂಯ್ ಅಂತಿತ್ತಲ್ಲ ಅಕ್ಕ, ಅದನ್ನ ತೆಗ್ದಿದ್ದೀನಿ ಅಂದೆ. "ಯಾವ ಗುಂಯ್? ಹೆಡ್‌ಫೋನಲ್ಲಿ ಕೇಳ್ತಿದ್ದೀನಿ, ಏನೂ ಇಲ್ವಲ್ಲೋ" ಅಂದ್ಳು. ಫೋನ್ ಇಟ್ಟು ಡ್ರಾಯರಲ್ಲಿದ್ದ ಹಳೇ ಇಯರ್‌ಫೋನ್ ತೆಗೆದು ಕಂಪ್ಯೂಟರ್ ಹಿಂದೆ ಹೊಸ ಕಾರ್ಡಿನ ಜ್ಯಾಕಿಗೆ ಚುಚ್ಚಿದೆ. ನಿಶ್ಶಬ್ದ. ಬಯಾಸಿಗೆ ಹೋಗಿ ಮದರ್‌ಬೋರ್ಡಿನದೇ ಆಡಿಯೋ ಮತ್ತೆ ಆನ್ ಮಾಡಿ ಅದಕ್ಕೂ ಹಾಕಿ ನೋಡಿದೆ. ಅದೂ ನಿಶ್ಶಬ್ದ. ನಾನು ಯಾವುದನ್ನ ಕಳಪೆ ಅಂತ ಬದಲಾಯಿಸಿದ್ನೋ ಅದರಲ್ಲಿ ಏನೂ ತೊಂದ್ರೆನೇ ಇರ್ಲಿಲ್ಲ. ಆ ಎರಡು ನಿಮಿಷದ ಕೆಲಸ ಮೊದಲನೇ ದಿನ ಮಾಡಿದ್ರೆ ಏಳಕ್ಕೆ ಏಳೂ ಉಳೀತಿತ್ತು. ಈಗ ಉಳಿದಿರೋದು ಅಕ್ಕನ ಹತ್ರ ಇರೋ ಒಂದು.

ಹಾಗಾದ್ರೆ ಸದ್ದು ಎಲ್ಲಿಂದ ಬರ್ತಿತ್ತು ಅಂದ್ರೆ, ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ. ಕಂಪ್ಯೂಟರಿಗೆ ಮೂರು ಪಿನ್ನಿನ ಪ್ಲಗ್, ಅರ್ತ್ ಇದೆ. ನನ್ನ ಸ್ಪೀಕರ್ ಸೆಟ್ಟಿಗೂ ಮೂರು ಪಿನ್, ಅದೂ ಕೋಣೆಯ ಇನ್ನೊಂದು ಗೋಡೆಯ ಸಾಕೆಟ್ಟಲ್ಲಿ. ಎರಡೂ ಅರ್ತ್ ಹೆಸರಿಗೆ ಒಂದೇ, ಆದ್ರೆ ನಡುವೆ ಅಷ್ಟುದ್ದ ವೈರ್ ಇರೋದ್ರಿಂದ ಅವುಗಳ ಮಧ್ಯೆ ಚೂರು ವೋಲ್ಟೇಜ್ ವ್ಯತ್ಯಾಸ ಇರುತ್ತೆ. ಕಂಪ್ಯೂಟರಿಂದ ಸ್ಪೀಕರಿಗೆ ಹೋಗೋ ಆಡಿಯೋ ಕೇಬಲ್ಲಿನ ಹೊರಗಿನ ಜಾಲರಿ ಆ ಎರಡನ್ನೂ ಜೋಡಿಸಿ ಒಂದು ಸುತ್ತು ಪೂರ್ತಿ ಮಾಡ್ಬಿಡುತ್ತೆ, ಆ ಸುತ್ತಲ್ಲಿ ಕರೆಂಟ್ ಹರಿಯುತ್ತೆ. ಸ್ಪೀಕರ್ ಒಳಗಿನ ಆಂಪ್ಲಿಫೈಯರ್ ಜಾಲರೀನ ಸೊನ್ನೆ ಅಂತ ಇಟ್ಕೊಂಡು ಸಿಗ್ನಲ್ ಅಳೆಯೋದು, ಸೊನ್ನೆನೇ ಅಲ್ಲಾಡ್ತಿದ್ರೆ ಆ ಅಲ್ಲಾಟಾನೂ ಸಂಗೀತ ಅಂದ್ಕೊಂಡು ದೊಡ್ಡದು ಮಾಡಿ ಕೇಳಿಸುತ್ತೆ. ಮೌಸ್ ಅಲ್ಲಾಡಿಸಿದ್ರೆ ಕರಕರ ಬರೋದೂ ಇದೇ ದಾರೀಲಿ, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಳೆಯೋ ಕರೆಂಟ್ ಕ್ಷಣಕ್ಷಣಕ್ಕೂ ಏರಿಳಿದಾಗ ಕಂಪ್ಯೂಟರಿನ ಗ್ರೌಂಡ್ ಕೂಡ ಏರಿಳಿಯುತ್ತೆ. ಯಾವ ಸೌಂಡ್ ಕಾರ್ಡ್ ಹಾಕಿದ್ರೂ ಅದರ ಗ್ರೌಂಡ್ ಕಂಪ್ಯೂಟರಿನ ಗ್ರೌಂಡೇ. ಯುಎಸ್‌ಬಿ ಕೇಬಲ್ಲಲ್ಲೂ ಗ್ರೌಂಡ್ ತಂತಿ ಇದೆ, ಅದಕ್ಕೇ ಹೊರಗಿಟ್ಟ ಡಬ್ಬೀನೂ ಉಳಿಸ್ಲಿಲ್ಲ.

ನನಗೆ ಸರಿ ಹೋಗಿದ್ದು ಸ್ಪೀಕರ್ ಪ್ಲಗ್ಗನ್ನ ಆ ಗೋಡೆಯಿಂದ ಕಿತ್ತು ಕಂಪ್ಯೂಟರ್ ಇರೋ ಎಕ್ಸ್‌ಟೆನ್ಷನ್ ಬೋರ್ಡಿಗೇ ಹಾಕಿದ್ದಕ್ಕೆ. ಗುಂಯ್ ಅಲ್ಲೇ ನಿಂತೋಯ್ತು, ನಾನು ಅಲ್ಲೇ ನೆಲದ ಮೇಲೆ ಕೂತೆ. ಉಳಿದಿದ್ದ ಸಣ್ಣ ಕರಕರಕ್ಕೆ ಆಡಿಯೋ ಕೇಬಲ್ ಮಧ್ಯ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಒಂದು ಪುಟ್ಟ ಡಬ್ಬಿ ಹಾಕಿದೆ. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ ಅಷ್ಟೇ, ಸದ್ದು ದಾಟುತ್ತೆ, ತಂತಿ ಸಂಪರ್ಕ ಮಾತ್ರ ಕಡಿದಿರುತ್ತೆ. ತೀರಾ ಕಡಿಮೆ ಬೆಲೇದು ಬೇಸ್ ಸ್ವಲ್ಪ ತಿನ್ನುತ್ತೆ, ನೋಡ್ಕೊಂಡು ತಗೊಳ್ಳಿ. ನಿಮ್ಮ ಸ್ಪೀಕರಲ್ಲಿ ಆಪ್ಟಿಕಲ್ ಇನ್‌ಪುಟ್ ಇದ್ರೆ ಇನ್ನೂ ಸುಲಭ, ಅದರಲ್ಲಿ ಹೋಗೋದು ಬೆಳಕು, ಸುತ್ತು ಆಗೋ ಮಾತೇ ಇಲ್ಲ. ಒಂದೇ ಒಂದು ಕೆಲಸ ದಯವಿಟ್ಟು ಮಾಡ್ಬೇಡಿ, ಅರ್ತ್ ಪಿನ್ ಕಿತ್ತು ಹಾಕಿ, ಇಲ್ಲಾ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಸರಿ ಹೋಗುತ್ತೆ ಅಂತ ಬೇಕಾದಷ್ಟು ಜನ ಹೇಳ್ತಾರೆ. ಸದ್ದು ಹೋಗೋದು ನಿಜ, ಆದ್ರೆ ಒಳಗೆ ಏನಾದ್ರೂ ಶಾರ್ಟ್ ಆದ್ರೆ ಮೈಗೆ ಬರೋ ಕರೆಂಟನ್ನ ತಪ್ಪಿಸೋಕೆ ಇರೋದೇ ಆ ಪಿನ್.

ಈಗ ನೀವು ಮಾಡ್ಬೇಕಾದ್ದು, ಸ್ಪೀಕರ್ ಬಿಚ್ಚಿ ಹಿಂದಿನ ಹಸಿರು ಜ್ಯಾಕಿಗೆ ಮಾಮೂಲಿ ಇಯರ್‌ಫೋನ್ ಹಾಕಿ ಕೇಳಿ. ಮುಂದಿನ ಜ್ಯಾಕ್ ಬೇಡ, ಅದರ ವೈರ್ ಕ್ಯಾಬಿನೆಟ್ ಒಳಗೆಲ್ಲ ಸುತ್ತಿ ಬರೋದ್ರಿಂದ ಅದರಲ್ಲಿ ಬೇರೆ ಸದ್ದು ಸೇರ್ಕೊಳ್ಳಬಹುದು. ಯುಎಸ್‌ಬಿ ಹೆಡ್‌ಸೆಟ್, ಬ್ಲೂಟೂತ್ ಕೂಡ ಬೇಡ, ಅವುಗಳ ಒಳಗೇ ಅವುಗಳದ್ದೇ ಸೌಂಡ್ ಕಾರ್ಡ್ ಇರುತ್ತೆ, ಮದರ್‌ಬೋರ್ಡ್ ಬಗ್ಗೆ ಏನೂ ಗೊತ್ತಾಗಲ್ಲ. ಆಮೇಲೆ ಸ್ಪೀಕರನ್ನ ಚಾರ್ಜರಿಗೆ ಹಾಕದೇ ಇರೋ ಫೋನಿಗೆ ಜೋಡಿಸಿ ಕೇಳಿ. ಇಯರ್‌ಫೋನಲ್ಲಿ ಸದ್ದಿಲ್ಲ, ಫೋನಿಗೆ ಹಾಕಿದಾಗ ಸ್ಪೀಕರಲ್ಲೂ ಇಲ್ಲ, ಕಂಪ್ಯೂಟರನ್ನೂ ಸ್ಪೀಕರನ್ನೂ ಜೋಡಿಸಿದಾಗ ಮಾತ್ರ ಇದೆ ಅಂದ್ರೆ ಅದು ಲೂಪೇ.

ಇನ್ನೊಂದು, ಮದರ್‌ಬೋರ್ಡ್ ಆಡಿಯೋ ಅಂದ್ರೇನೇ ಕಳಪೆ ಅನ್ನೋ ಮಾತನ್ನ ನಾನೀಗ ಒಪ್ಪಲ್ಲ. ಅದು ಹಳೇ ಕಾಲದಿಂದ ಬಂದ ನಂಬಿಕೆ. ಮೊದಮೊದಲು ಪಿಸಿಗಳಲ್ಲಿ ಇದ್ದದ್ದು ಬೀಪ್ ಅನ್ನೋ ಸ್ಪೀಕರ್ ಒಂದೇ, 1987ರಲ್ಲಿ ಆಡ್‌ಲಿಬ್ ಕಾರ್ಡ್, 1989ರಲ್ಲಿ ಕ್ರಿಯೇಟಿವ್‌ನವರ ಸೌಂಡ್ ಬ್ಲಾಸ್ಟರ್ ಬಂದಾಗ ಕಾರ್ಡ್ ಇಲ್ಲದೆ ಸಂಗೀತಾನೇ ಇರ್ಲಿಲ್ಲ. 1997ರ ಎಸಿ 97, 2004ರ ಎಚ್‌ಡಿ ಆಡಿಯೋ ಅನ್ನೋ ಮಾನದಂಡಗಳು ಬಂದ್ಮೇಲೆ ಆ ಕೆಲಸ ಬೋರ್ಡಿನ ಚಿಪ್ಪಿಗೇ ಬಂತು. ಗೇಮಿನ ಸದ್ದಿನ ಲೆಕ್ಕಾನೆಲ್ಲ ಕಾರ್ಡೇ ಮಾಡ್ತಿದ್ದ ಡೈರೆಕ್ಟ್‌ಸೌಂಡ್ ಹಾರ್ಡ್‌ವೇರ್ ದಾರಿಯನ್ನ ವಿಂಡೋಸ್ ವಿಸ್ತಾದಲ್ಲಿ ಮೈಕ್ರೋಸಾಫ್ಟ್ ಮುಚ್ಚೇಬಿಟ್ಟಿತು. ಈಗಿನ ರಿಯಲ್‌ಟೆಕ್ ಎಎಲ್‌ಸಿ1220 ಥರದ ಚಿಪ್ಪಿಗೆ ಕಂಪನಿ ಕೊಡೋ ಲೆಕ್ಕ 120 ಡೆಸಿಬಲ್, ಬೋರ್ಡ್ ಮೇಲೆ ಕೂತಾಗ ಅಷ್ಟು ಸಿಗಲ್ಲ, ಬಿಡಿ, ಆದ್ರೆ 16 ಬಿಟ್ಟಿನ ಸಿಡಿಯದ್ದೇ 96. ಡಬ್ಬಿ ಮೇಲಿನ 384 ಕಿಲೋಹರ್ಟ್ಸ್ (ಸೆಕೆಂಡಿಗೆ ಸದ್ದನ್ನ ಎಷ್ಟು ಸಲ ಅಳೆಯುತ್ತೆ ಅನ್ನೋ ಲೆಕ್ಕ) ನೋಡಿ ದುಡ್ಡು ಸುರೀಬೇಡಿ, ನಮ್ಮ ಕಿವಿ 20 ಕಿಲೋಹರ್ಟ್ಸಿಗೇ ನಿಲ್ಲುತ್ತೆ, ಅದರ ಎರಡರಷ್ಟಕ್ಕಿಂತ ಚೂರು ಜಾಸ್ತಿ ಅಳೆದ್ರೆ ಸಾಕು, ಅಂದ್ರೆ 44.1. ಆ ದುಡ್ಡಲ್ಲಿ ಇನ್ನೂ ಒಳ್ಳೇ ಸ್ಪೀಕರ್ ತಗೊಂಡ್ರೆ ವ್ಯತ್ಯಾಸ ಮೊದಲನೇ ನಿಮಿಷಕ್ಕೇ ಕೇಳಿಸುತ್ತೆ.

ಹಿಂದಿನ ಜ್ಯಾಕಲ್ಲಿ ಇಯರ್‌ಫೋನಿಗೂ ಕರಕರ ಬಂತು ಅಂದ್ರೆ ಮಾತ್ರ ಬೋರ್ಡಿನದೇ ತಪ್ಪು, ಆಗ ಯುಎಸ್‌ಬಿ ಡ್ಯಾಕ್ (ಹೊರಗಿಡೋ ಸೌಂಡ್ ಕಾರ್ಡ್) ತಗೊಳ್ಳಿ, ಒಳಗೆ ಕೂರೋ ಕಾರ್ಡಲ್ಲ. 250, 300 ಓಮಿನ, ಅಂದ್ರೆ ಜಾಸ್ತಿ ತಾಕತ್ತು ಬೇಡೋ ಹೆಡ್‌ಫೋನ್ ಇದ್ದು ವಾಲ್ಯೂಮ್ ಸಾಲ್ತಿಲ್ಲ ಅಂದ್ರೂ ಅದೇ. ಹಾಡೋದು, ವಾದ್ಯ ನುಡಿಸಿ ರೆಕಾರ್ಡ್ ಮಾಡೋದು ಇದ್ರೆ ಎಕ್ಸ್‌ಎಲ್‌ಆರ್ ಮೈಕ್ (ಸ್ಟುಡಿಯೋದಲ್ಲಿರೋ ಮೂರು ಪಿನ್ನಿನದು), ಮೈಕಿಗೆ ಕರೆಂಟ್ ಕೊಡೋ 48 ವೋಲ್ಟ್ ಫ್ಯಾಂಟಮ್ ಪವರ್ ಇರೋ ಆಡಿಯೋ ಇಂಟರ್‌ಫೇಸ್ ಬೇಕು.

ಹಳೇ ಕ್ಯಾಸೆಟ್ ಏನಾದ್ರೂ ಇಳಿಸ್ತಿದ್ರೆ ಮೊದಲು ಬಂದ ಫೈಲನ್ನ ಹಾಗೇ ಬೇರೆ ಕಡೆ ಇಡಿ, ಅದನ್ನ ಮುಟ್ಟಲೇಬೇಡಿ, ಟೇಪನ್ನೂ ಎಸೀಬೇಡಿ. ಅಕ್ಕನ ಹತ್ರ ಉಳಿದಿರೋ ಆ ಒಂದು ಫೈಲಲ್ಲಿ ಕಥೆ ಮುಗಿದ್ಮೇಲೆ ಅಪ್ಪ ಒಂದ್ಸಲ ನಿಟ್ಟುಸಿರು ಬಿಟ್ಟು "ಮಲಗ್ರೋ" ಅಂದು ಬಟನ್ ಒತ್ತೋ ಟಕ್ ಸದ್ದಿದೆ. ಮಿಕ್ಕ ಆರರಲ್ಲಿ ಟಕ್ ಮಾತ್ರ ಇದೆ.

ಇಯರ್‌ಫೋನ್ ಹಾಕಿ ನೋಡಿ ಏನ್ ಕೇಳಿಸ್ತು ಅಂತ ಕೆಳಗೆ ಬರೀರಿ, ನಿಮ್ಮ ಸ್ಪೀಕರಿನ ಪ್ಲಗ್ಗಿಗೆ ಎರಡು ಪಿನ್ನೋ ಮೂರೋ ಅನ್ನೋದನ್ನೂ ಹೇಳಿ.