ವಾರ್ಡಿನ ಇಂಗ್ಲಿಷ್: ನಾಟಿಂಗ್‌ಹ್ಯಾಮಿಗೆ ಬಂದ ತಂಗಿಗೆ

ತಂಗಿ,

ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದುಕೊಂಡೇ ಬಂದೆ, ಆದರೂ ವಾರ್ಡಿನಲ್ಲಿ ವಯಸ್ಸಾದವರು ಆಡುವ ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ, ಇವರ ಆಡುನುಡಿಯನ್ನೂ ಕಲಿಯಬೇಕೇ ಅಕ್ಕಾ ಎಂದು ಕೇಳಿದ್ದೀಯ. ಕಲಿಯಲೇಬೇಕು. ಆಡುವುದಕ್ಕಲ್ಲ, ಕೇಳಿ ತಿಳಿದುಕೊಳ್ಳುವುದಕ್ಕೆ. ಹದಿನೆಂಟು ವರ್ಷಗಳಿಂದ ಇದೇ ಊರಿನಲ್ಲಿ ನರ್ಸ್ ಆಗಿದ್ದೇನೆ. ರೋಗಿಗಳು ನೋವನ್ನು, ನಾಚಿಕೆಯನ್ನು ಹೇಳಿಕೊಳ್ಳುವುದು ಪಠ್ಯಪುಸ್ತಕದ ಮಾತಿನಲ್ಲಿ ಅಲ್ಲ.

ನಾನು ಬಂದ ಮೊದಲ ಚಳಿಗಾಲ. ರಾತ್ರಿ ಪಾಳಿ ಮುಗಿಯುವ ಹೊತ್ತು, ಸೊಂಟದ ಶಸ್ತ್ರಚಿಕಿತ್ಸೆಯಾಗಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ‘ಐಯಾಮ್ ಗ್ಯಾಸ್ಪಿಂಗ್, ಡಕ್’ ಎಂದರು. ಗ್ಯಾಸ್ಪ್ ಎಂದರೆ ಏದುಸಿರು ಎಂದು ಕಲಿತಿದ್ದವಳು ನಾನು. ಹಾಸಿಗೆಯ ತಲೆಭಾಗ ಎತ್ತಿದೆ, ಬೆರಳಿಗೆ ಆಕ್ಸಿಮೀಟರ್ ಹಾಕಿದೆ, ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದೆ. ಆಮ್ಲಜನಕ 97, ಉಸಿರು 16, ಎರಡೂ ಸರಿಯಾಗಿಯೇ ಇದ್ದವು. ಅಜ್ಜಿ ಎಲ್ಲವನ್ನೂ ತಾಳ್ಮೆಯಿಂದ ಮಾಡಿಸಿಕೊಂಡು, ಕೊನೆಗೆ ಬಾಗಿಲ ಬಳಿ ನಿಂತಿದ್ದ ಚಹಾದ ಗಾಡಿಯತ್ತ ಕಣ್ಣು ತೋರಿಸಿದರು. ‘ಗ್ಯಾಸ್ಪಿಂಗ್’ ಎಂದರೆ ಚಹಾ ಇಲ್ಲದೆ ಜೀವ ಹೋಗುತ್ತಿದೆ ಎಂದು! ನಾನು ಮಾಡಿದ್ದು ತಪ್ಪಲ್ಲ ತಂಗಿ, ಇಂದಿಗೂ ಹಾಗೆಯೇ ಮಾಡುತ್ತೇನೆ. ಆ ಮಾತು ಕಿವಿಗೆ ಬಿದ್ದರೆ ಮೊದಲು ಉಸಿರು ನೋಡು, ಆಮೇಲೆ ಚಹಾ ಕೊಡು. ಇನ್ನು ‘ಡಕ್’ ಎಂದದ್ದಕ್ಕೆ ಬೇಸರಪಡಬೇಡ. ನಮ್ಮಲ್ಲಿ ಗುರುತಿಲ್ಲದವರನ್ನೂ ‘ಬಾ ತಾಯಿ’ ಎನ್ನುವುದಿಲ್ಲವೇ, ಹಾಗೆ. ನ್ಯೂಕಾಸಲ್‌ಗೆ ಹೋದರೆ ‘ಪೆಟ್’ ಆಗುತ್ತೀಯ, ಗ್ಲಾಸ್ಗೋದಲ್ಲಿ ‘ಹೆನ್’.

ದೇಹದ ವಿಷಯಕ್ಕೆ ಬಂದರೆ ಇಲ್ಲಿನ ಹಿರಿಯರು ನಮ್ಮ ಅಜ್ಜಿಯರಷ್ಟೇ ಸಂಕೋಚದವರು. ನಮ್ಮವರು ‘ಒಂದಕ್ಕೆ ಹೋಗಬೇಕು’, ‘ಕೆರೆಯ ಕಡೆ ಹೋಗಿ ಬರುತ್ತೇನೆ’ ಎಂದಂತೆ ಇವರು ‘ಸ್ಪೆಂಡ್ ಎ ಪೆನ್ನಿ’ ಎನ್ನುತ್ತಾರೆ. ಹಿಂದೆ ಸಾರ್ವಜನಿಕ ಶೌಚಾಲಯಗಳ ಬಾಗಿಲು ತೆರೆಯಲು ಒಂದು ಪೆನ್ನಿ ನಾಣ್ಯ ಹಾಕಬೇಕಿತ್ತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿಯೂ ಶೌಚಾಲಯಕ್ಕೆ ಕೊಡಬೇಕಾಗಿದ್ದದ್ದು ಒಂದು ಪೆನ್ನಿಯೇ. ‘ವಾಟರ್‌ವರ್ಕ್ಸ್’ ಸರಿಯಿಲ್ಲ ಎಂದರೆ ಮೂತ್ರದ ತೊಂದರೆ. ‘ಬಂಗ್ಡ್ ಅಪ್’ ಎಂದರೆ ಮಲಬದ್ಧತೆ, ‘ಡಿಕಿ ಟಿಕ್ಕರ್’ ಎಂದರೆ ದುರ್ಬಲ ಹೃದಯ. ‘ಪೂರ್ಲಿ’ ಬಡತನದ ಮಾತಲ್ಲ, ಮೈ ಹುಷಾರಿಲ್ಲ ಎಂದು.

ಈ ಸೀಮೆಯದೇ ಆದ ಎರಡು ಪದ ನನಗೆ ಬಹಳ ಇಷ್ಟ. ಚಳಿ ತಡೆಯದವರು ‘ನೆಶ್’. ಮೃದು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ ಅದು, ಸಾವಿರ ವರ್ಷ ಬಾಳಿದೆ. ರೋಗಿ ತಾನು ನೆಶ್ ಎಂದರೆ ಇನ್ನೊಂದು ಕಂಬಳಿ ಹೊದಿಸು. ಮುಖ ಊದಿಸಿಕೊಂಡು ಕೂತವರು ‘ಮಾರ್ಡಿ’. ಕೆಟ್ಟುಹೋದ ಎಂಬರ್ಥದ ‘ಮಾರ್ಡ್’ನಿಂದ ಬಂದದ್ದು. ಅತಿ ಮುದ್ದಿನಿಂದ ಕೆಟ್ಟ ಮಗು ಎಂದುಕೋ.

ನೀನು ಬರೆದಿರುವ ‘ಡೂಲಾಲಿ’ ಪದದ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಇವರ ಊರಿನದಲ್ಲ, ನಮ್ಮ ಪಕ್ಕದ ರಾಜ್ಯದ್ದು. ನಾಸಿಕದ ಬಳಿಯ ದೇವಳಾಲಿಯಲ್ಲಿ ಬ್ರಿಟಿಷ್ ಸೇನೆಯ ಶಿಬಿರವಿತ್ತು. ಸೇವೆ ಮುಗಿದ ಸೈನಿಕರು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ಕಾಯುತ್ತಿದ್ದರು. ಹಡಗುಗಳು ಹೊರಡುತ್ತಿದ್ದದ್ದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಅದು ತಪ್ಪಿದವರು ಬೇಸಿಗೆ, ಮಳೆಗಾಲಗಳನ್ನೆಲ್ಲ ಅಲ್ಲೇ ಕಳೆಯಬೇಕು. ಕೆಲಸವಿಲ್ಲ, ಬಿಸಿಲು, ಜ್ವರ, ಕುಡಿತ. ಹಾಗೆ ಬುದ್ಧಿ ಕಲಕಿದವರಿಗೆ ‘ಡೂಲಾಲಿ ಟ್ಯಾಪ್’ ಬಂದಿದೆ ಎನ್ನುತ್ತಿದ್ದರು. ಆ ಟ್ಯಾಪ್ ಬೇರೇನೂ ಅಲ್ಲ, ನಮ್ಮ ‘ತಾಪ’. ಊರಿಗೆ ಹೋಗಲು ಹಡಗು ಕಾಯುತ್ತ ಕೂತವರ ಸಂಕಟ ಆ ಪದದೊಳಗಿದೆ. ಊರು ಬಿಟ್ಟು ಬಂದಿರುವ ನಿನಗೂ ನನಗೂ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಯಾವ ರೋಗಿಯ ಬಗ್ಗೆಯೂ ಆ ಪದ ಬಳಸಬೇಡ, ಕಡತದಲ್ಲಂತೂ ಬರೆಯಲೇಬೇಡ. ಮಗಳು ಬಂದು ‘ಅಮ್ಮ ಮಂಗಳವಾರದಿಂದ ಡೂಲಾಲಿ ಆಗಿದ್ದಾಳೆ’ ಎಂದರೆ ಆ ‘ಮಂಗಳವಾರದಿಂದ’ ಎಂಬುದನ್ನು ಹಿಡಿದುಕೋ. ಮರೆವಿನ ಕಾಯಿಲೆ ಒಂದು ದಿನದಲ್ಲಿ ಬರುವುದಿಲ್ಲ; ವಯಸ್ಸಾದವರಲ್ಲಿ ಹಠಾತ್ತನೆ ಬಂದ ಗೊಂದಲದ ಹಿಂದೆ ಸೋಂಕೋ, ನೀರು ಸಾಲದಿರುವುದೋ, ಹೊಸ ಔಷಧಿಯೋ ಇರಬಹುದು. ತಕ್ಷಣ ವೈದ್ಯರಿಗೆ ತಿಳಿಸು.

ನಮ್ಮ ಕಡೆಯಿಂದ ಹೋದ ಪದಗಳು ಇನ್ನೂ ಇವೆ. ಸುಲಭದ ಕೆಲಸಕ್ಕೆ ಹೇಳುವ ‘ಕುಶಿ’ ನಮ್ಮ ಖುಷಿಯ ಬಳಗದ್ದು. ‘ಪಕ್ಕಾ’ ಪಕ್ಕಾ ಆಗಿಯೇ ಉಳಿದಿದೆ. ಇಂಗ್ಲೆಂಡಿಗೆ ಅಕ್ಕರೆಯ ಹೆಸರಾದ ‘ಬ್ಲೈಟಿ’ ಮೂಲದಲ್ಲಿ ವಿಲಾಯತಿ. ಹೊರಗಿನಿಂದ ಬಂದದ್ದಕ್ಕೆ ನಾವು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದ ಹಾಗೆ ಉತ್ತರದವರು ವಿಲಾಯತಿ ಎಂದರು. ಅಲ್ಲಿದ್ದ ಸೈನಿಕರು ಅದನ್ನೇ ತಿರುಚಿ ತಮ್ಮ ದೇಶದ ಹೆಸರಾಗಿಸಿಕೊಂಡರು. ಮೊದಲ ಮಹಾಯುದ್ಧದಲ್ಲಿ, ಪ್ರಾಣ ತೆಗೆಯದ, ಆದರೆ ಊರಿಗೆ ಕಳುಹಿಸುವಷ್ಟು ದೊಡ್ಡದಾದ ಗಾಯ ‘ಬ್ಲೈಟಿ ಗಾಯ’. ಗೆಳೆಯನಿಗೆ ಹೇಳುವ ‘ಪ್ಯಾಲ್’ ರೊಮಾನಿ ಜನರದು, ಅದರ ಬೇರು ನಮ್ಮ ‘ಭ್ರಾತೃ’ವಿನಲ್ಲಿದೆ.

ಹೇಳಿದ ಮೂಲಕಥೆಯನ್ನೆಲ್ಲ ನಂಬಬೇಡ. ಸಿರಿವಂತರ ಠೀವಿಗೆ ಹೇಳುವ ‘ಪಾಶ್’ ಎಂದರೆ ಭಾರತಕ್ಕೆ ಬರುವ ಹಡಗಿನಲ್ಲಿ ಹೋಗುವಾಗ ಎಡಗಡೆ, ಬರುವಾಗ ಬಲಗಡೆ ನೆರಳಿನ ಕೋಣೆ ಹಿಡಿದವರ ಟಿಕೆಟ್ಟಿನ ಮೇಲಿದ್ದ ನಾಲ್ಕು ಅಕ್ಷರ, ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳು ಎಂದು ನಿನಗೂ ಯಾರಾದರೂ ಹೇಳುತ್ತಾರೆ. ಅಂಥ ಟಿಕೆಟ್ ಒಂದೂ ಸಿಕ್ಕಿಲ್ಲ. ಲಂಡನ್ನಿನ ಪ್ರಾಸದ ಆಡುನುಡಿಗೆ ಸದ್ಯ ತಲೆ ಕೆಡಿಸಿಕೊಳ್ಳಬೇಡ. ‘ಯೂಸ್ ಯುವರ್ ಲೋಫ್’ ಎಂದರೆ ತಲೆ ಓಡಿಸು ಎಂದರ್ಥ. ಲೋಫ್ ಆಫ್ ಬ್ರೆಡ್ ಎಂಬುದು ಹೆಡ್‌ಗೆ ಪ್ರಾಸ. ಇಷ್ಟು ಸಾಕು.

ತಿಳಿಯದಿದ್ದರೆ ಹಾಸಿಗೆಯ ಬಳಿಯೇ ಕೇಳು: ‘ಹಾಗೆಂದರೇನು, ನನಗೆ ಹೇಳಿಕೊಡುತ್ತೀರಾ?’ ಇಷ್ಟು ವರ್ಷಗಳಲ್ಲಿ ಒಬ್ಬ ರೋಗಿಯೂ ನನ್ನ ಮೇಲೆ ಸಿಡುಕಿಲ್ಲ. ದಿನವಿಡೀ ಕೇಳಿಸಿಕೊಂಡೇ ಮಲಗಿರುವವರಿಗೆ ಹೇಳಿಕೊಡುವ ಅವಕಾಶ ಸಿಕ್ಕರೆ ಮುಖ ಅರಳುತ್ತದೆ.

ಕೊನೆಯದಾಗಿ, ಎದುರು ಸಿಕ್ಕವರೆಲ್ಲ ‘ಯೂ ಆಲ್‌ರೈಟ್?’ ಎನ್ನುತ್ತಾರೆ, ನಾನೇನು ಕಾಯಿಲೆಯವಳಂತೆ ಕಾಣುತ್ತೇನೆಯೇ ಎಂದು ಕೇಳಿದ್ದೀಯ. ಇಲ್ಲ ತಂಗಿ. ಅದು ನಮ್ಮ ‘ಊಟವಾಯಿತೇ’ ಇದ್ದ ಹಾಗೆ. ನೀನೂ ‘ಆಲ್‌ರೈಟ್’ ಎನ್ನು, ನಡೆಯುತ್ತಿರು. ನಿಂತು ಉತ್ತರ ಹೇಳಬೇಕು ಅನಿಸಿದ ದಿನ ನನಗೆ ಫೋನ್ ಮಾಡು.